ಕೋರ್ಟು, ಜೈಲು, ತಿಜೋರಿ ಮೂರೂ ಒಂದ ಕಾಂಪೌಂಡಿನ್ಯಾಗ ಯಾಕ ಅದಾವ?

ಧಾರವಾಡ, ಗದಗ, ಹಾವೇರಿ ಕಡೆ ಯಾವುದಾದ್ರೂ ಹಳೆ ತಾಲೂಕ ಊರಿಗೆ ಹೋಗ್ರಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗ ಒಂದು ಕಲ್ಲಿನ ಕಾಂಪೌಂಡ್ ಸಿಗ್ತೈತಿ. ಒಳಗ ಬೇವಿನ ಗಿಡ, ಹಂಚಿನ ಉದ್ದನ ಕಟ್ಟಡ, ಮುಂದ ಪಡಸಾಲಿ, ಪಡಸಾಲ್ಯಾಗ ಅರ್ಜಿ ಬರಿಯೋರು, ಟೈಪ್ ಮಾಡೋರು. ಒಂದು ಕಡೆ ತಹಶೀಲ್ದಾರ್ ಆಫೀಸು, ಬಾಜೂಕ ಟ್ರೆಜರಿ ಅಂದ್ರ ಸರ್ಕಾರಿ ತಿಜೋರಿ, ಅದರಾಚೆ ಹಳೆ ಕೋರ್ಟ್ ಹಾಲು, ಮೂಲ್ಯಾಗ ದಪ್ಪ ಸರಳಿನ ಬಾಗಲಾ ಇರೋ ಎರಡು ಮೂರು ಕತ್ತಲ ಖೋಲಿ. ಆ ಖೋಲ್ಯಾಗ ಈಗ ಮುರದ ಖುರ್ಚಿ, ಹಳೆ ಫೈಲು ಒಟ್ಟಿರ್ತಾರ, ಒಂದು ಕಾಲಕ್ಕ ಅದ ಆ ತಾಲೂಕಿನ ಜೈಲು.

ಈ ಮೂರು ನಾಕು ಥರದ ಕೆಲಸ ಹಿಂಗ ಒಂದಕ್ಕೊಂದು ಹತ್ತಿಕೊಂಡು ಯಾಕ ಕುಂತಾವ ಅಂತ ಕೇಳಿದ್ರ ಬಹಳ ಮಂದಿ ಜಾಗಾ ಉಳಸಾಕ, ರೊಕ್ಕ ಉಳಸಾಕ ಅಂತಾರ. ರೊಕ್ಕದ ಮಾತು ಸ್ವಲ್ಪ ಖರೆ, ಜಾಗಾದ ಮಾತು ಸುಳ್ಳು, ಆವಾಗ ಊರ ಸುತ್ತ ಜಾಗಾಕ್ಕೇನು ಬರ ಇತ್ತು. ಖರೆ ಕಾರಣ ಅಂದ್ರ ಕಂದಾಯ ವಸೂಲಿ ಮಾಡೋದು, ನ್ಯಾಯ ಹೇಳೋದು, ಮಂದೀನ ಕೂಡಿ ಹಾಕೋದು ಎಲ್ಲಾ ಒಬ್ಬನ ಮನಷ್ಯಾನ ಕೈಯಾಗ ಇತ್ತು. ಆ ಕಾಯ್ದೆ ಹೆಂಗಿತ್ತೋ ಹಂಗ ಕಟ್ಟಡ ಕಟ್ಟಿದ್ರು, ಕಾಯ್ದೆ ಬದಲಾದಂಗ ಕಟ್ಟಡಾನೂ ಒಂದೊಂದಾಗಿ ಆ ಕಾಂಪೌಂಡ್ ಬಿಟ್ಟು ಹೋದ್ವು. ಇಷ್ಟು ತಿಳಕೊಂಡ್ರ ಹಳೆ ಕಚೇರಿ ನೋಡೋ ಕಣ್ಣ ಬ್ಯಾರೆ ಆಗ್ತೈತಿ.

ಕಥಿ ಚಾಲೂ ಆಗೋದು ಬಂಗಾಲದಾಗ. 1793ರಾಗ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅಲ್ಲೆ ಒಂದು ಏರ್ಪಾಡು ಮಾಡಿದ, ಕಲೆಕ್ಟರ್ ಕಂದಾಯ ಅಷ್ಟ ನೋಡ್ಬೇಕು, ನ್ಯಾಯ ಮತ್ತ ಪೊಲೀಸ್ ಜಡ್ಜ್ ಕಡೆ ಇರ್ಬೇಕು ಅಂತ. ಕಂದಾಯ ಎತ್ತೋನ ಕೈಯಾಗ ಲಾಠಿ ಕೊಟ್ರ ರೈತನ ಗತಿ ಏನು ಅನ್ನೋದು ಅದರ ಹಿಂದಿನ ವಿಚಾರ. ಮದ್ರಾಸ್ ಕಡೆ ಕೆಲಸ ಮಾಡಿದ್ದ ಥಾಮಸ್ ಮನ್ರೋಗ ಇದು ಸುತಾರಾಂ ಸೇರ್ತಿರ್ಲಿಲ್ಲ. ಜಡ್ಜ್ ದೂರದ ಊರಾಗ ಕುಂತಿರ್ತಾನ, ಅವಗ ಹಳ್ಳಿ ಗೊತ್ತಿಲ್ಲ, ಹೊಲ ಗೊತ್ತಿಲ್ಲ, ಕಲೆಕ್ಟರ್ ಆದ್ರ ವರ್ಷಾ ಸುತ್ತಾಡ್ತಾನ, ಅವನ ಕೈಯಾಗ ಮ್ಯಾಜಿಸ್ಟ್ರೇಟ್ ಅಧಿಕಾರ ಇದ್ರ ಕೆಲಸ ಜಲ್ದಿ ಆಗ್ತೈತಿ, ಸಣ್ಣ ಜಗಳ ಊರ ಗೌಡ ಮತ್ತ ಪಂಚಾಯ್ತಿ ಬಗಿಹರಸ್ಲಿ ಅನ್ನೋದು ಅವನ ವಾದ. 1816ರಾಗ ಮದ್ರಾಸ್ ಪ್ರಾಂತದಾಗ ಅವನ ವಾದ ಗೆದ್ದು ಕಾಯ್ದೆ ಆತು.

ಈ ಮನ್ರೋನ 1817ರ ಕೊನಿಗೆ ಪೇಶ್ವೆ ಜೋಡಿ ಯುದ್ಧ ನಡದಾಗ ಧಾರವಾಡ ಸೀಮಿಗೆ ಬಂದ, 1818ರಾಗ ಪೇಶ್ವೆ ರಾಜ್ಯ ಮುಗದಾಗ ಈ ಇಡೀ ದಕ್ಷಿಣ ಮರಾಠಾ ಸೀಮಿಗೆ ಕಮಿಷನರ್ ಅವನ. ಮುಂದ ನಮ್ಮ ಕಡೆ ಬಾಂಬೆ ಪ್ರಾಂತಕ್ಕ ಸೇರ್ತು, ಗವರ್ನರ್ ಎಲ್ಫಿನ್‌ಸ್ಟನ್ ಕಾಲದ 1827ರ ರೆಗ್ಯುಲೇಷನ್ ಬಂದ್ವು, ದೊಡ್ಡ ದಾವಾ ಮತ್ತ ಖೂನಿ ಕೇಸಿಗೆ ಬ್ಯಾರೆ ಜಡ್ಜ್ ಬಂದ್ರು. ಆದ್ರ ತಳದಾಗ, ತಾಲೂಕ ಮಟ್ಟಕ್ಕ, ಮನ್ರೋನ ವಿಚಾರಾನ ಉಳೀತು: ಮಾಮಲೇದಾರ (ಈಗಿನ ತಹಶೀಲ್ದಾರ್) ಅನ್ನೋ ಒಬ್ಬ ಅಧಿಕಾರಿ ಕಂದಾಯಾನೂ ಎತ್ತಿದ, ಮ್ಯಾಜಿಸ್ಟ್ರೇಟ್ ಅಂತ ಫೌಜದಾರಿ ಕೇಸೂ ನಡಿಸಿದ, ತಾಲೂಕ ಜೈಲಿನ ಉಸ್ತುವಾರಿನೂ ನೋಡಿದ.

ಕಂದಾಯ ಮತ್ತ ದಂಡ ಕೂಡಿ ಬರೋದು ಬ್ರಿಟಿಷರು ಹುಟ್ಟಿಸಿದ್ದಲ್ಲ ಅಂತ ಇಲ್ಲೆ ಒಂದು ಮಾತು ಹೇಳಿಬಿಡ್ತೀನಿ. ಈಗಿನ ಗದಗ ಜಿಲ್ಲಾದ ಲಕ್ಷ್ಮೇಶ್ವರದಾಗ ಸಿಕ್ಕ ಒಂದು ಕಂಬದ ಶಾಸನ ಐತಿ, ಸುಮಾರು 725ರದ್ದು, ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪುಲಿಗೆರೆಯ (ಅದು ಲಕ್ಷ್ಮೇಶ್ವರದ ಹಳೆ ಹೆಸರು) ಮಹಾಜನರಿಗೆ, ಹದಿನೆಂಟು ಪ್ರಕೃತಿಗಳಿಗೆ ಅಂದ್ರ ಊರ ಜನವರ್ಗಗಳಿಗೆ ಕೊಟ್ಟ ಆಚಾರವ್ಯವಸ್ಥೆ, ಅಂದ್ರ ಕಟ್ಟಳೆ. ಯಾವ ಮನಿಯವರು ಏನು ತೆರಿಗಿ ಕೊಡ್ಬೇಕು, ಕಳವು ಇತ್ಯಾದಿ ತಪ್ಪಿನ ದಂಡ ಯಾರಿಗೆ ಸೇರ್ಬೇಕು, ರಾಜನ ಅಧಿಕಾರಿಗಳು ಏನೇನು ಕಾಪಾಡ್ಬೇಕು ಎಲ್ಲಾ ಒಂದ ಕಲ್ಲಿನ ಮ್ಯಾಲೆ. ಬ್ರಿಟಿಷರು ಹೊಸದಾಗಿ ತಂದದ್ದು ಅಂದ್ರ ವರ್ಷಗಟ್ಲೆ ಮನಷ್ಯಾನ್ನ ಗ್ವಾಡಿ ಒಳಗ ಇಡೋದ ಒಂದು ಶಿಕ್ಷೆ ಅನ್ನೋ ವಿಚಾರ, ಮತ್ತ ಅದಕ್ಕಂತನ ಕಟ್ಟಿದ ಕಟ್ಟಡ.

ಈಗ ಕಟ್ಟಡಕ್ಕ ಬರೂಣು. ತಾಲೂಕ ಕಚೇರ್ಯಾಗ ಎಲ್ಲಾಕ್ಕಿಂತ ಗಟ್ಟಿ ಖೋಲಿ ಯಾವುದು ಅಂದ್ರ ಜೈಲಲ್ಲ, ತಿಜೋರಿ. ಯಾಕ ಅಂತ ಒಂದು ಲೆಕ್ಕ ಹಾಕಿ ನೋಡ್ರಿ. ರೈತರು ಕಂದಾಯ ತುಂಬ್ತಿದ್ದದ್ದು ಬೆಳ್ಳಿ ರೂಪಾಯಿಯೊಳಗ, 1835ರಿಂದ ಒಂದು ರೂಪಾಯಿ ಅಂದ್ರ ಒಂದು ತೊಲಿ, 11.66 ಗ್ರಾಂ. ಸಾವಿರ ರೂಪಾಯಿ ಅಂದ್ರ ಹನ್ನೊಂದೂವರಿ ಕಿಲೋ ಮ್ಯಾಲೆ, ಲಕ್ಷ ರೂಪಾಯಿ ಅಂದ್ರ ಹನ್ನೊಂದೂವರಿ ಕ್ವಿಂಟಲ್ ಮ್ಯಾಲೆ ಬೆಳ್ಳಿ! ಸುಗ್ಗಿ ಮುಗದು ಕಂತು ತುಂಬೋ ಟೈಮಿಗೆ ಅಷ್ಟು ಭಾರ ಒಂದು ಖೋಲ್ಯಾಗ ಬಂದು ಬೀಳ್ತಿತ್ತು, ಅಲ್ಲಿಂದ ಎತ್ತಿನ ಗಾಡ್ಯಾಗ ಪೊಲೀಸ್ ಕಾವಲಾಗ ಜಿಲ್ಲಾ ಖಜಾನೆಗೆ ಹೋಗ್ಬೇಕು. ಅದಕ್ಕ ಆ ಖೋಲಿ ಕಟ್ಟಡದ ನಡುವ ಇರ್ತೈತಿ, ಹೊರಗಿನ ಗ್ವಾಡಿಗೆ ಅದರ ಕಿಟಕಿ ಇರಂಗಿಲ್ಲ, ನೆಲಕ್ಕ ದಪ್ಪ ಕಲ್ಲಿನ ಚಪ್ಪಡಿ, ಯಾರೂ ಕನ್ನ ಹಾಕಿ ಕೆಳಗಿಂದ ಬರಬಾರ್ದು ಅಂತ.

ಬೆಳ್ಳಿ ಇದ್ದಲ್ಲೆ ಹಗಲು ರಾತ್ರಿ ಪಹರೆ ಬೇಕ ಬೇಕು. ಕೈದಿ ಇದ್ದಲ್ಲೇನೂ ಪಹರೆ ಬೇಕು. ಎರಡು ಬಾಗಲಾ ಒಂದ ಪಡಸಾಲಿ ಮ್ಯಾಲೆ ಇದ್ರ ಒಂದ ಗಾರ್ಡ್ ಸಾಕು. ರೊಕ್ಕದ ಮಾತು ಸ್ವಲ್ಪ ಖರೆ ಅಂದ್ನಲ್ಲ, ಅದು ಇದು. ಹಳೆ ಕಚೇರ್ಯಾಗ ತಿಜೋರಿ ಬಾಗಲಾ ಮತ್ತ ಲಾಕಪ್ ಬಾಗಲಾ ಎರಡೂ ಕಾಣಂಗ ಒಬ್ಬ ಪೊಲೀಸ ಎಲ್ಲಿ ನಿಲ್ಬೇಕು ಅಂತ ಹುಡುಕ್ರಿ, ಅಲ್ಲಿ ಬಂದೂಕ ನಿಲ್ಲಸಾಕ ಕಟ್ಟಿಗಿ ಸ್ಟ್ಯಾಂಡೋ, ತಾಸಿಗೊಮ್ಮೆ ಹೊಡ್ಯೋ ಗಂಟಿ ನೇತ್ಹಾಕೋ ಕೊಂಡಿನೋ ಇದ್ದದ್ದಕ್ಕ ಏನರ ಗುರ್ತು ಉಳದಿರಬಹುದು.

ಇದಕ್ಕಿಂತ ಸೂಕ್ಷ್ಮ ಒಂದೈತಿ. 1879ರ ಬಾಂಬೆ ಲ್ಯಾಂಡ್ ರೆವಿನ್ಯೂ ಕೋಡ್ ಪ್ರಕಾರ ಕಂದಾಯ ಬಾಕಿ ಇಟ್ಟ ರೈತನ್ನ ಹಿಡದು ಕಲೆಕ್ಟರ್ ಅಥವಾ ಮಾಮಲೇದಾರ ಕಚೇರ್ಯಾಗನ ಹತ್ತು ದಿನದ ತನಕ ಕೂಡ್ಸಬಹುದಿತ್ತು, ನಡುವ ಬಾಕಿ ತುಂಬಿದ್ರ ಬಿಡ್ತಿದ್ರು. ಕೋರ್ಟ್ ಇಲ್ಲ, ವಕೀಲ ಇಲ್ಲ. ವಸೂಲಿ ಮಾಡೋ ಟೇಬಲ್ಲಿಗೂ ಕೂಡಿ ಹಾಕೋ ಖೋಲಿಗೂ ನಡುವ ಇದ್ದದ್ದು ಒಂದು ಗ್ವಾಡಿ ಅಷ್ಟ. ನನಗ ಕೇಳಿದ್ರ ಹಳೆ ಕಚೇರಿಯೊಳಗ ಎಲ್ಲಾಕ್ಕಿಂತ ಅಂಜಿಕಿ ಹುಟ್ಟಿಸೋದು ಆ ಸರಳಿನ ಬಾಗಲಲ್ಲ, ಈ ಹತ್ರ ಇರೋದು.

ಅದಕ್ಕ ನಮ್ಮ ಕಡೆ ದಂಗೆ ಎದ್ದಾಗ ಬಹಳ ಸಲ ಏಟು ಕಚೇರಿಗೆ, ಖಜಾನೆಗೆ ಬಿದ್ದೈತಿ. 1824ರಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಖಜಾನೆಗೆ ಪಹರೆ ಹಾಕಸಾಕ ಹೋದದ್ದಕ್ಕ ಜಗಳ ಬೆಳದು ಅಕ್ಟೋಬರ್ 23ಕ್ಕ ಅವನ ಜೀವಾ ಹೋತು. ಚೆನ್ನಮ್ಮನ್ನ ಬೈಲಹೊಂಗಲ ಕೋಟ್ಯಾಗ ಇಟ್ರು, 1829ರಾಗ ಅಲ್ಲೇ ತೀರ್ಕೊಂಡ್ರು. ಆಮ್ಯಾಲೆ ಸಂಗೊಳ್ಳಿ ರಾಯಣ್ಣ ಗುರಿ ಇಟ್ಟದ್ದು ಬೀಡಿ, ಸಂಪಗಾವಿ ಕಚೇರಿಗೋಳಿಗೆ. ನೂರು ವರ್ಷ ದಾಟಿ 1942ಕ್ಕ ಬಂದ್ರ ಧಾರವಾಡ ಜಿಲ್ಲಾದ ಹಳ್ಳಿಗೋಳಾಗ ಚಾವಡಿ ಸುಟ್ರು, ದಫ್ತರ ಸುಟ್ರು. 1943ರ ಏಪ್ರಿಲ್ 1ಕ್ಕ ಮೈಲಾರ ಮಹಾದೇವಪ್ಪ ಮತ್ತ ಅವರ ಸಂಗಡಿಗರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಹೊಸರಿತ್ತ್ಯಾಗ ಗುಂಡಿಗೆ ಬಲಿಯಾದದ್ದೂ ಕಂದಾಯದ ದುಡ್ಡಿನ ಮ್ಯಾಲೆ ದಾಳಿ ಮಾಡಿದಾಗ, ಆ ದುಡ್ಡು ಗುಡಿಯೊಳಗ ಇತ್ತು. ಕಾಗದ, ರೊಕ್ಕ, ಬೇಡಿ ಮೂರೂ ಒಂದ ಕಡೆ ಇಟ್ಟಮ್ಯಾಲೆ ಸಿಟ್ಟು ಬಂದಾವ ಬ್ಯಾರೆ ಎಲ್ಲಿ ಹೋಗ್ಬೇಕು?

ಇನ್ನ ಕೋರ್ಟ್ ಹಾಲು. ಇದರಾಗ ಒಂದು ವಿಷಯ ಬಹಳ ಮಂದಿ ಲಕ್ಷ ಕೊಡಂಗಿಲ್ಲ, ಹಾಲಿನ ನಡುವ ಕಂಬ ಇಲ್ಲ. ನಮ್ಮ ಬಯಲಸೀಮಿ ಮನಿ ಅಂದ್ರ ಮ್ಯಾಲೆ ಮಣ್ಣಿನ ಮೇಲ್ಮುದ್ದಿ, ಕೆಳಗ ಜಂತಿ, ತೊಲಿ, ಅದನ್ನ ಹೊರಾಕ ಸಾಲಾಗಿ ಕಂಬ. ಮಣ್ಣಿನ ಮಾಳಗಿ ತಂಪೇನೋ ತಂಪು, ಆದ್ರ ಭಾರ ವಿಪರೀತ, ಕಂಬ ಇಲ್ದ ಅಗಲ ಖೋಲಿ ಆಗಂಗಿಲ್ಲ. ಕೋರ್ಟಿನ್ಯಾಗ ಜಡ್ಜಿಗೆ ಸಾಕ್ಷಿ ಮಾರಿ ಕಾಣಬೇಕು, ವಕೀಲಗ ಜಡ್ಜ್ ಕಾಣಬೇಕು, ಆರೋಪಿ ಎಲ್ಲಾರಿಗೂ ಕಾಣಬೇಕು, ನಡುವ ಕಂಬ ಬಂದ್ರ ಕೆಲಸ ಕೆಡ್ತೈತಿ. ಅದಕ್ಕ ತ್ರಿಕೋನದ ಕಟ್ಟಿಗಿ ಟ್ರಸ್ ಮಾಡಿ ಗ್ವಾಡಿಯಿಂದ ಗ್ವಾಡಿಗೆ ಹಾಸಿದ್ರು, ಮ್ಯಾಲೆ ಹಗೂರ ಮಂಗಳೂರ ಹಂಚು. ಆ ಹಂಚಿನ ಮೊದಲ ಕಾರ್ಖಾನೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು 1865ರಾಗ ಮಂಗಳೂರಾಗ ಹಾಕಿದ್ದು. ಅವರು ನಮ್ಮ ಕಡೆಗೆ ಹೊಸಬರೇನಲ್ಲ, ಧಾರವಾಡದಾಗ 1837ರಿಂದ, ಹುಬ್ಬಳ್ಳ್ಯಾಗ 1839ರಿಂದ, ಗದಗ-ಬೆಟಗೇರಿಯೊಳಗ 1841ರಿಂದ ಅವರ ಠಾಣೆ ಇದ್ವು. 1880ರ ದಶಕದಾಗ ರೈಲು ಬರೋ ಮೊದಲು ಹಂಚು ಇಲ್ಲಿಗೆ ಬರ್ಬೇಕಂದ್ರ ಸಮುದ್ರದ ಮ್ಯಾಲೆ ಕುಮಟಾನೋ ಕಾರವಾರಾನೋ, ಅಲ್ಲಿಂದ ಘಟ್ಟ ಹತ್ತಿಸಿ ಎತ್ತಿನ ಗಾಡಿ. ನಮ್ಮ ಹತ್ತಿ ಕುಮಟಾ ಬಂದರಕ್ಕ ಇಳೀತಿದ್ದ ದಾರಿನೂ ಅದ.

ಸರ್ಕಾರಿ ಕಟ್ಟಡಗೋಳು ಒಂದರಂಗ ಒಂದು ಕಾಣೋದಕ್ಕೂ ಕಾರಣ ಐತಿ. 1850ರ ದಶಕದಾಗ ಪಿ.ಡಬ್ಲ್ಯೂ.ಡಿ. ಅಂತ ಖಾತೆ ಆದಮ್ಯಾಲೆ ಇಂಜಿನಿಯರ್‌ಗೋಳು ಒಂದ ನಮೂನಿ ಪ್ಲ್ಯಾನು ಊರೂರಿಗೆ ಹಾಕಿದ್ರು, ಆಯಾ ಊರಿನ ಕಲ್ಲು, ಆಯಾ ಊರಿನ ಗೌಂಡಿ ಅಷ್ಟ ಬ್ಯಾರೆ. ಎರಡು ಎರಡೂವರಿ ಅಡಿ ದಪ್ಪ ಕಲ್ಲಿನ ಗ್ವಾಡಿ, ಬಾಗಲಾ ಕಿಟಕಿ ಮ್ಯಾಲೆ ಕಮಾನು, ಎತ್ತರದ ಛಾವಣಿ, ಛಾವಣಿ ಸಮೀಪ ಸಣ್ಣ ಸಣ್ಣ ಗವಾಕ್ಷಿ. ಬಿಸಿ ಗಾಳಿ ಮ್ಯಾಲೆ ಏರಿ ಗವಾಕ್ಷಿಯಿಂದ ಹೊರಗ ಹೋಗ್ತೈತಿ, ಕೆಳಗ ಪಡಸಾಲಿ ನೆಳ್ಳಿನ ಗಾಳಿ ಒಳಗ ಬರ್ತೈತಿ, ದಪ್ಪ ಗ್ವಾಡಿ ಕಾಯಾಕ ಹತ್ತಿದ್ರ ಅದರ ಬಿಸಿ ಒಳಗ ಮುಟ್ಟೂದ್ರಾಗ ಸಂಜಿ ಆಗಿರ್ತೈತಿ, ಅಷ್ಟೊತ್ತಿಗೆ ಕಚೇರಿ ಬಂದ್. ಆದ್ರೂ ಸಾಹೇಬ್ರಿಗೆ ಸೆಕಿ, ಅದಕ್ಕ ಪಂಖಾ, ಅಂದ್ರ ಛಾವಣಿಗೆ ಕಟ್ಟಿದ ಉದ್ದನ ಬಟ್ಟಿ ಚೌಕಟ್ಟು, ಅದರ ಹಗ್ಗ ಗ್ವಾಡಿ ತೂತಿನಿಂದ ಹೊರಗ ಹೋಗ್ತೈತಿ, ಪಡಸಾಲ್ಯಾಗ ಕುಂತ ಆಳು ಅದನ್ನ ದಿನಾನಗಟ್ಲೆ ಜಗ್ಗಬೇಕು. ಹಳೆ ಹಾಲಿನ ಗ್ವಾಡ್ಯಾಗ ಆಳೆತ್ತರದ ಮ್ಯಾಲೆ ಸಿಮೆಂಟ್ ಮೆತ್ತಿ ಮುಚ್ಚಿದ ಒಂದು ದುಂಡನ ತೂತು ಕಂಡ್ರ ಅದು ವೈರಿಂಗಿಂದಲ್ಲ, ಬಹಳ ಸಲ ಇದ.

ತಂಪಿಗೆ ಛಲೋ ಇದ್ದ ಈ ಎತ್ತರ ಮಾತಿಗೆ ಭಾಳ ಕೆಟ್ಟದ್ದು. ಖಾಲಿ ಕಲ್ಲಿನ ಗ್ವಾಡಿ, ಕಲ್ಲಿನ ನೆಲಾ, ಮಾತು ಬಡದು ವಾಪಸ್ ಬರ್ತೈತಿ, ಒಂದು ಶಬ್ದ ಮುಗ್ಯೂದ್ರಾಗ ಇನ್ನೊಂದು ಅದರ ಮ್ಯಾಲೆ ಬೀಳ್ತೈತಿ. ಹಳ್ಳಿಯಿಂದ ಬಂದ ಸಾಕ್ಷಿ ಮೊದಲ ಅಂಜಿಕೊಂಡು ಸಣ್ಣ ದನಿಲೆ ಮಾತಾಡ್ತಾನ, ಅದನ್ನ ಕೆಳಗ ಕುಂತ ಶಿರಸ್ತೇದಾರ ಕೇಳಿ ಜೋರಾಗಿ ಮತ್ತ ಹೇಳಬೇಕು, ಆವಾಗ ಅದು ಸಾಕ್ಷಿ ಮಾತೋ ಶಿರಸ್ತೇದಾರನ ಮಾತೋ! ಹಿಂದಿನ ಬಾಕಿನ ಮ್ಯಾಲೆ ಕುಂತೋರಿಗೆ ಅಂತೂ ತಾರೀಖು ಯಾವಾಗ ಬಿತ್ತು ಅನ್ನೋದೂ ವಕೀಲರನ್ನ ಕೇಳಿನ ಗೊತ್ತಾಗ್ಬೇಕು. ಬಹಿರಂಗ ನ್ಯಾಯ ಅಂತಾರ, ಕಣ್ಣಿಗೆ ಬಹಿರಂಗ, ಕಿವಿಗೆ ಅಲ್ಲ.

ಹಾಲಿನೊಳಗ ಯಾರು ಎಷ್ಟು ಎತ್ತರದಾಗ ಅನ್ನೋದು ಪಕ್ಕಾ ಲೆಕ್ಕ. ಜಡ್ಜ್ ಕಟ್ಟಿ ಎಲ್ಲಾಕ್ಕಿಂತ ಮ್ಯಾಲೆ, ಹಿಂದ ಅವರ ಖೋಲಿಗೆ ಬ್ಯಾರೆ ಬಾಗಲಾ, ಮಂದಿ ನಡುವ ಹಾದು ಬರೋ ಪ್ರಸಂಗನ ಇಲ್ಲ. ಅದರ ಕೆಳಗ ಶಿರಸ್ತೇದಾರ, ಅವರ ಮುಂದ ವಕೀಲರ ಟೇಬಲ್, ಒಂದು ಬಾಜು ಸಾಕ್ಷಿ ಕಟಕಟೆ, ಎದುರಿಗೆ ಆರೋಪಿ ಕಟಕಟೆ. ಸೆಷನ್ಸ್ ಕೋರ್ಟಿನ್ಯಾಗ ಜಡ್ಜ್ ಸಮೀಪ ಅಸೆಸರ್ ಅಂತ ಊರಿನ ಒಂದೆರಡು ದೊಡ್ಡ ಮನಷ್ಯಾರಿಗೂ ಖುರ್ಚಿ ಇರ್ತಿದ್ವು, ಅವರು ಅಭಿಪ್ರಾಯ ಹೇಳಬೇಕು, ಜಡ್ಜ್ ಅದನ್ನ ಕೇಳಲೇಬೇಕು ಅಂತೇನಿಲ್ಲ. 1955ರ ತಿದ್ದುಪಡಿಯೊಳಗ ಆ ಪದ್ಧತಿ ತಗದ್ರು, ಆ ಖುರ್ಚಿ ಜಾಗಾದಾಗ ಬಹಳ ಕಡೆ ಕಪಾಟ ಬಂದ್ವು.

ಪಡಸಾಲಿ ಬಗ್ಗೆ ಹೇಳದ ಇದ್ರ ಆಗಂಗಿಲ್ಲ. ಕೋರ್ಟಿನ ಖರೆ ಜೀವಾ ಹಾಲಿನೊಳಗಿಲ್ಲ, ಅಲ್ಲೆ ಐತಿ. ಮುಂಜಾನೆ ಬಸ್ಸಿಗೆ ಬಂದ ಮಂದಿ ಅಲ್ಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಅಲ್ಲೇ ರಾಜಿ ಮಾತಾಡಿ, ಅಲ್ಲೇ ಜಗಳ ಮಾಡಿ, ಪಟ್ಟೇವಾಲಾ ಬಾಗಲಾದಾಗ ನಿಂತು ಮೂರು ಸಲ ಹೆಸರು ಕೂಗಿದಾಗ ಓಡಿ ಬರ್ತಾರ. ಇಂಜಿನಿಯರ್ ಬರದದ್ದು ಬಿಸಲಿಗೆ, ಮಳಿಗೆ, ಮಂದಿ ಬಳಸಿದ್ದು ಎಲ್ಲಾದಕ್ಕೂ.

ಈಗ ಜೈಲು. ತಾಲೂಕ ಜೈಲು ಸಣ್ಣದ ಇರಾಕ ಕಾಯ್ದೆನ ಕಾರಣ. ಹಳೆ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ ಫಸ್ಟ್ ಕ್ಲಾಸ್ ಮ್ಯಾಜಿಸ್ಟ್ರೇಟ್ ಎರಡು ವರ್ಷ, ಸೆಕೆಂಡ್ ಕ್ಲಾಸ್ ಆರು ತಿಂಗಳು, ಥರ್ಡ್ ಕ್ಲಾಸ್ ಒಂದು ತಿಂಗಳ ತನಕ ಸಜಾ ಕೊಡಬಹುದು. ಮಾಮಲೇದಾರ ಬಹಳ ಕಡೆ ಸೆಕೆಂಡ್ ಕ್ಲಾಸ್. ದೊಡ್ಡ ಸಜಾ ಆದೋರು ಜಿಲ್ಲಾ ಜೈಲಿಗೆ, ಇಲ್ಲಿ ಉಳಿಯೋರು ಸಣ್ಣ ಸಜಾದವರು ಮತ್ತ ವಿಚಾರಣೆ ಆಗಬೇಕಾದೋರು. ಹಿಡದು 24 ತಾಸಿನೊಳಗ ಮ್ಯಾಜಿಸ್ಟ್ರೇಟ್ ಮುಂದ ನಿಲ್ಲಸಬೇಕು ಅನ್ನೋದು ಹಳೆ ಕಾಯ್ದ್ಯಾಗೂ ಇತ್ತು, ಈಗ ಸಂವಿಧಾನದ 22ನೇ ವಿಧಿಯೊಳಗೂ ಐತಿ. ಕೈದಿ ಕೋರ್ಟಿಗೆ ನಡಕೊಂಡ ಹೋಗೋ ಕಾಲದಾಗ ಲಾಕಪ್ ಕೋರ್ಟಿಗೆ ಹತ್ತಿರಾನ ಇರಬೇಕಾಗ್ತಿತ್ತು.

ಆ ಖೋಲಿ ಒಂದನ್ನ ಸಮೀಪದಿಂದ ನೋಡೂಣು. ಬಾಗಲಾ ಕಟ್ಟಿಗೀದಲ್ಲ, ನಿಲುವ ಸರಳು, ನಡುವ ಅಡ್ಡ ಪಟ್ಟಿ, ಸರಳು ಕಲ್ಲಿನ ಚೌಕಟ್ಟಿನ ತೂತಿನ್ಯಾಗ ಇಳಿಸಿ ಸೀಸ ಕಾಯಿಸಿ ಸುರದಿರ್ತಾರ. ಒಳಗಿಂದ ಕೈ ಹಾಕಿದ್ರೂ ಕೀಲಿ ಸಿಗಬಾರ್ದು ಅಂತ ಚಿಲಕಾನ ಉದ್ದ ಮಾಡಿ ಬಾಗಲಾದಿಂದ ಒಂದು ಕೈ ಅಳತಿ ಆಚೆ ಗ್ವಾಡ್ಯಾಗ ಕೊರದ ಗೂಡಿನೊಳಗ ತಗೊಂಡು ಹೋಗಿ ಅಲ್ಲೆ ಕೀಲಿ ಹಾಕೋ ಪದ್ಧತಿ ಹಳೆ ಜೈಲುಗೋಳಾಗ ಕಾಣ್ತೈತಿ. ಕೀಲಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಎಷ್ಟು ದೂರ ಅನ್ನೋದು ಮುಖ್ಯ. ಗವಾಕ್ಷಿ ಆಳೆತ್ತರಕ್ಕಿಂತ ಮ್ಯಾಲೆ, ಬೆಳಕು ಬರ್ತೈತಿ, ಹೊರಗಿಂದು ಏನೂ ಕಾಣಂಗಿಲ್ಲ. ಗ್ವಾಡಿ ಬುಡಕ್ಕ ಮಲಗಾಕ ಕಲ್ಲಿನ ಕಟ್ಟಿ, ಕಾಟು ಕೊಟ್ರ ಅದರ ಕಬ್ಬಿಣ ಬಿಚ್ಚಿ ಹತಾರ ಮಾಡ್ತಾರ ಅನ್ನೋ ಅಂಜಿಕಿ.

ಜಿಲ್ಲಾ ಜೈಲು, ಸೆಂಟ್ರಲ್ ಜೈಲಿನ ಕಥಿ ಬ್ಯಾರೆ. ಮೊದಮೊದಲು ಕೈದಿಗಳನ್ನ ಹಳೆ ಕೋಟಿ, ವಾಡೆಗೋಳಾಗ ರಾತ್ರಿ ಮಲಗಿಸಿ ಹಗಲು ಬೇಡಿ ಹಾಕಿ ರಸ್ತೆ ಕೆಲಸಕ್ಕ ಹಚ್ತಿದ್ರು, ಅಂದ್ರ ದೊಡ್ಡ ಕಟ್ಟಡದ ಜರೂರತ್ತ ಇರ್ಲಿಲ್ಲ. 1836ರಾಗ ಮೆಕಾಲೆ ಇದ್ದ ಒಂದು ಜೈಲು ಕಮಿಟಿ ಆತು, 1838ರ ವರದ್ಯಾಗ ಈ ರಸ್ತೆ ಕೆಲಸ ಬಿಡ್ರಿ, ಒಳಗ ಕೂಡಿಸಿ ಬ್ಯಾಸರಾ ಬರೋ ಕೆಲಸ ಮಾಡಿಸ್ರಿ, ಒಂದು ವರ್ಷದ ಮ್ಯಾಲೆ ಸಜಾ ಇದ್ದೋರಿಗೆ ಸೆಂಟ್ರಲ್ ಜೈಲು ಕಟ್ರಿ ಅಂತ ಹೇಳಿದ್ರು. ಕೆಲಸ ಒಳಗ ಬಂತು ಅಂದಮ್ಯಾಲೆ ಎತ್ತರದ ಗ್ವಾಡಿ ಬೇಕು, ನೇಯೋ ಶೆಡ್ ಬೇಕು, ಬೀಸೋ ಜಾಗಾ ಬೇಕು, ಅಡಗಿ ಮನಿ, ದವಾಖಾನಿ ಬೇಕು. ಅದ ಕಾಲಕ್ಕ ಇಂಗ್ಲೆಂಡಿನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಖೋಲಿ ಅನ್ನೋ ಫ್ಯಾಷನ್ ಇತ್ತು, 1842ರ ಪೆಂಟನ್‌ವಿಲ್ ಜೈಲು ಅದಕ್ಕ ಮಾದರಿ. ಇಲ್ಲೆ ಅಷ್ಟು ಖರ್ಚ ಯಾರು ಮಾಡ್ತಾರ, ಉದ್ದನ ಬರಾಕಿನ್ಯಾಗ ಸಾಲಾಗಿ ಮಲಗಿಸಿದ್ರು, ಒಂಟಿ ಖೋಲಿ ಕಡಕ್ ಶಿಕ್ಷೆಗೆ ಅಷ್ಟ ಇಟ್ರು.

ಜೈಲಿನೊಳಗ ಇಷ್ಟೊಂದು ಅಡ್ಡ ಗ್ವಾಡಿ ಯಾಕ ಅಂದ್ರ 1894ರ ಪ್ರಿಸನ್ಸ್ ಆಕ್ಟಿನ 27ನೇ ಕಲಂ ನೋಡಬೇಕು. ಹೆಣ್ಣುಮಕ್ಕಳು ಬ್ಯಾರೆ, ಸಣ್ಣ ವಯಸ್ಸಿನ ಹುಡುಗೂರು ಬ್ಯಾರೆ, ವಿಚಾರಣೆ ಕೈದಿ ಬ್ಯಾರೆ, ಸಜಾ ಆದೋರು ಬ್ಯಾರೆ, ಸಿವಿಲ್ ಕೈದಿ ಬ್ಯಾರೆ. ಕಲಮಿನ ಒಂದೊಂದು ಶಬ್ದಕ್ಕ ಒಂದೊಂದು ಗ್ವಾಡಿ ಎದ್ದೈತಿ. ಸಿವಿಲ್ ಕೈದಿ ಅಂದ್ರ ಕೋರ್ಟ್ ಡಿಕ್ರಿ ಆದ್ರೂ ಸಾಲಾ ತೀರಿಸದಾವ, ಅವನ ಊಟದ ಭತ್ತೆ ಸಾಲಾ ಕೊಟ್ಟಾವನ ಕೋರ್ಟಿಗೆ ತುಂಬಬೇಕು, ತುಂಬೋದು ಬಿಟ್ರ ಕೈದಿ ಹೊರಗ. ಈ ನಿಯಮ ಸಿವಿಲ್ ಪ್ರೊಸೀಜರ್ ಕೋಡಿನ್ಯಾಗ ಈಗೂ ಐತಿ, ಬೇಕಂದ್ರ ನಿಮ್ಮ ವಕೀಲರನ್ನ ಕೇಳ್ರಿ. 1930ರಾಗ ಇದರ ಮ್ಯಾಲೆ ಕೈದಿಗಳಿಗೆ ಸವಲತ್ತು ಹೆಚ್ಚು ಕಡಿಮಿ ಮಾಡೋ ಎ, ಬಿ, ಸಿ ಕ್ಲಾಸ್ ಬಂದ್ವು, ಸಿ ಅಂದ್ರ ಎಲ್ಲಾಕ್ಕಿಂತ ಕಡಿಮಿ. ಲಾಹೋರ್ ಜೈಲಿನ್ಯಾಗ ಕ್ರಾಂತಿಕಾರಿ ಜತೀನ್ ದಾಸ್ ಉಪವಾಸ ಮಾಡಿ 1929ರ ಸೆಪ್ಟೆಂಬರದಾಗ ತೀರ್ಕೊಂಡ ಮ್ಯಾಲೆ ಸರ್ಕಾರ ಮಾಡಿದ ಏರ್ಪಾಡು ಅದು. ಹಿರೇಕೆರೂರ ಕಡೆ ಕರನಿರಾಕರಣೆ ಮಾಡಿದ ರೈತರಂಥವರ ಪಾಲಿಗೆ ಬರ್ತಿದ್ದದ್ದು ಬಹಳ ಮಾಡಿ ಸಿ ಕ್ಲಾಸ. ಧಾರವಾಡದಾಗ ಹುಡುಗೂರಿಗೆ ಅಂತನ ಬೋರ್ಸ್ಟಲ್ ಸ್ಕೂಲ್ ಬ್ಯಾರೆ ಇತ್ತು, 1929ರ ಬಾಂಬೆ ಬೋರ್ಸ್ಟಲ್ ಕಾಯ್ದೆ ಕಾಲದ್ದು.

ದೊಡ್ಡ ಜೈಲಿನ ಬಾಗಲಾ ಯಾವಾಗ್ಲೂ ಎರಡು, ನಡುವ ಒಂದು ಕಮಾನಿನ ಖೋಲಿ. ಹೊರಗಿಂದು ತಗದಾಗ ಒಳಗಿಂದು ಹಾಕಿರಬೇಕು. ದೊಡ್ಡ ಬಾಗಲಾದೊಳಗ ಸಣ್ಣ ದಿಡ್ಡಿ ಬಾಗಲಾ, ಅದರಾಗ ತಲಿ ತಗ್ಗಿಸಿ ಒಬ್ಬೊಬ್ಬರ ಹೋಗಬೇಕು, ಸುಪರಿಂಟೆಂಡೆಂಟ್ ಇದ್ರೂ ಅಷ್ಟ. ಗ್ವಾಡಿ ಒಳಗೂ ಹೊರಗೂ ಒಂದಿಷ್ಟು ಜಾಗಾ ಬೋಳ ಬಿಟ್ಟಿರ್ತಾರ, ಗಿಡ ಇಲ್ಲ, ಶೆಡ್ ಇಲ್ಲ. ಅದಕ್ಕ ಹಳೆ ಜೈಲುಗೋಳ ಸುತ್ತ ಅಷ್ಟು ಜಾಗಾ, ಊರು ಬೆಳದಂಗ ಆ ಜಾಗಾದ ಮ್ಯಾಲೆ ಎಲ್ಲಾರ ಕಣ್ಣು.

ಈ ಕಾಂಪೌಂಡ್ ಒಡೀಲಿಕ್ಕೆ ಹತ್ತಿದ್ದು ಯಾವಾಗ? ಮೊದಲ ಪೊಲೀಸ್ ಖಾತೆ ಬ್ಯಾರೆ ಆತು, 1850ರ ದಶಕದಿಂದ. ಖರೆ ಕೊಯ್ತ ಬಿದ್ದದ್ದು 1951ರಾಗ, ಬಾಂಬೆ ರಾಜ್ಯ ನ್ಯಾಯಾಂಗ ಮತ್ತ ಕಾರ್ಯಾಂಗ ಬ್ಯಾರೆ ಮಾಡೋ ಕಾಯ್ದೆ ತಂತು, ನಾವು ಆವಾಗ ಬಾಂಬೆ ರಾಜ್ಯದಾಗ ಇದ್ವಿ. ಮಾಮಲೇದಾರ ಕೈಯಿಂದ ಕೇಸು ಹೋದ್ವು, ಹೈಕೋರ್ಟ್ ಕೈಕೆಳಗಿನ ಜುಡಿಷಿಯಲ್ ಮ್ಯಾಜಿಸ್ಟ್ರೇಟ್ ಬಂದ್ರು. ಇಡೀ ದೇಶಕ್ಕ ಈ ನಿಯಮ ಗಟ್ಟಿ ಆದದ್ದು 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಿಂದ, 1974ರ ಏಪ್ರಿಲ್ 1ಕ್ಕ. ಶಾಂತಿ ಭಂಗದ ಮುಚ್ಚಳಿಕೆಯಂಥಾ ಕೆಲಸ ಅಷ್ಟ ಇನ್ನೂ ತಹಶೀಲ್ದಾರ್ ಕಡೆ ಉಳದೈತಿ, ಗಣಪತಿ ಹಬ್ಬ, ಎಲೆಕ್ಷನ್ ಬಂದಾಗ ಮಂದೀನ ಕರಸಿ ಬರಸ್ಕೊತಾರಲ್ಲ, ಅದು ಮನ್ರೋ ಕಾಲದ ಉಳದ ತುಣುಕ.

ಹೈಕೋರ್ಟ್ ಸುದ್ದಾ ಜಾಗಾ ಬದಲಾಯಿಸ್ತು. 1956ರ ನವೆಂಬರ್ 1ರ ತನಕ ನಮ್ಮ ಅಪೀಲು ಮುಂಬೈಗೆ, ಆಮ್ಯಾಲೆ ಬೆಂಗಳೂರಿಗೆ. ಧಾರವಾಡದಿಂದ ಬೆಂಗಳೂರು ಅಂದ್ರ 400 ಕಿಲೋಮೀಟರ್ ಮ್ಯಾಲೆ, ಒಂದು ತಾರೀಖಿಗೆ ಎರಡು ರಾತ್ರಿ ಬಸ್ಸು. ವಕೀಲರು ವರ್ಷಗಟ್ಲೆ ಹೋರಾಟ ಮಾಡಿ 2008ರಾಗ ಧಾರವಾಡಕ್ಕ ಸಂಚಾರಿ ಪೀಠ, 2013ರಾಗ ಕಾಯಂ ಪೀಠ ಆತು, ಅದೂ ಊರ ಹೊರಗ ಬೆಳಗಾವಿ ರೋಡಿಗೆ. ಹಾವೇರಿ, ಗದಗ 1997ರಾಗ ಜಿಲ್ಲಾ ಆದದ್ದಕ್ಕ ಅಲ್ಲಿ ಕೇಸು ಧಾರವಾಡಕ್ಕ ಬರೋದು ತಪ್ಪಿತು. ಹುಬ್ಬಳ್ಳಿ ಕೋರ್ಟು 2018ರಾಗ ತಿಮ್ಮಸಾಗರದ ಹೊಸಾ ಸಂಕೀರ್ಣಕ್ಕ ಹೋತು, ಲಿಫ್ಟು, ಪಾರ್ಕಿಂಗು ಎಲ್ಲಾ ಛಲೋ ಐತಿ, ಆದ್ರೂ ಕೋರ್ಟ್ ಸರ್ಕಲ್ ಅನ್ನೋ ಹೆಸರು ಹಳೆ ಜಾಗಾದಾಗ ಉಳೀತು.

ಜೈಲು ಕೋರ್ಟಿನಿಂದ ದೂರ ಹೋತು, ಆದ್ರ ಒಳಗ ಇರೋರು ಬದಲಾಗ್ಲಿಲ್ಲ. 2022ರ ಸರ್ಕಾರಿ ಅಂಕಿಅಂಶದಾಗ ದೇಶದ ಜೈಲುಗೋಳಾಗ ಇದ್ದ 5.73 ಲಕ್ಷ ಮಂದ್ಯಾಗ 4.34 ಲಕ್ಷ ವಿಚಾರಣೆ ಕೈದಿಗಳು, ನಾಲ್ಕರಾಗ ಮೂರು ಪಾಲು. ಅಂದ್ರ ತಾಲೂಕ ಲಾಕಪ್ಪಿನ ಕೆಲಸಾನ ಈಗ ದೊಡ್ಡ ಜೈಲುಗೋಳು ಮಾಡಾಕ ಹತ್ಯಾವ, ನಡುವ ಪೊಲೀಸ್ ವ್ಯಾನು, ಎಸ್ಕಾರ್ಟ್ ಸಿಗದಿದ್ರ ಮುಂದಿನ ತಾರೀಖು. ವಿಡಿಯೋ ಕಾನ್ಫರೆನ್ಸ್ ಬಂದಮ್ಯಾಲೆ ಸ್ವಲ್ಪ ಹಗೂರ ಆಗೈತಿ.

ಖಾಲಿ ಆದ ಹಳೆ ಕಟ್ಟಡಗೋಳ ಗತಿ ನೋಡಿದ್ರ ಸಿಟ್ಟು ಬರ್ತೈತಿ. ಗ್ವಾಡಿ ಸುಣ್ಣದ ಗಾರೀದು, ಸುಣ್ಣ, ಉಸುಕು, ಇಟ್ಟಂಗಿ ಪುಡಿ ಕೂಡಿಸಿ ಗಾಣದಾಗ ಅರದದ್ದು. ಮಳಿಗಾಲದಾಗ ಗ್ವಾಡಿ ಕುಡದ ನೀರು ಬ್ಯಾಸಗ್ಯಾಗ ಗಾರಿ ಸಂದಿಯಿಂದ ಆರಿ ಹೋಗ್ತೈತಿ. ಅದರ ಮ್ಯಾಲೆ ಸಿಮೆಂಟ್ ಗಿಲಾವ್ ಹೊಡದು ಆಯಿಲ್ ಪೇಂಟ್ ಬಳದ್ರ ನೀರು ಹೊರಗ ಬರಾಕ ದಾರಿ ಇಲ್ಲ, ಒಳಗ ಉಪ್ಪು ಕಟ್ಟಿ ಗಿಲಾವ್ ಹೊಕ್ಕಳಿಕಿ ಎದ್ದು ಬೀಳ್ತೈತಿ, ಜೋಡಿ ಕಲ್ಲಿನ ಪದರೂ ಎದ್ದು ಬರ್ತೈತಿ. ಆಮ್ಯಾಲೆ ಕಟ್ಟಡ ಹಳೇದಾತು, ಸೋರ್ತೈತಿ, ಕೆಡವ್ರಿ ಅಂತಾರ. ಹುಬ್ಬಳ್ಳಿ, ಗದಗ ಕಡೆ ಎರೆ ಭೂಮಿ ಇದ್ದಲ್ಲೆ ಇನ್ನೊಂದು ತ್ರಾಸು, ಮಳ್ಯಾಗ ನೆಲಾ ಉಬ್ಬತೈತಿ, ಬ್ಯಾಸಗ್ಯಾಗ ಬಿರಿತೈತಿ, ಕಿಟಕಿ ಮೂಲಿಯಿಂದ ಓರೆ ಸೀಳು ಏಳ್ತಾವ. ಪಾಯಾ ಸುತ್ತ ನೀರು ನಿಲ್ಲದಂಗ ಗಟಾರ ಮಾಡಿದ್ರ ಅರ್ಧ ತ್ರಾಸು ತಪ್ತೈತಿ. ಹಂಚು ಒಡದ್ರ ಹಂಚು ಹಾಕಬೇಕು, ತಗಡಿನ ಶೀಟ್ ಹಾಕಿದ್ರ ಒಳಗ ಕಾಯ್ತೈತಿ.

ನೂರು ವರ್ಷ ದಾಟಿದ್ರ ಕಟ್ಟಡ ತಾನ ತಾನಾಗಿ ಉಳೀತೈತಿ ಅಂತ ಮಂದಿ ತಿಳ್ಕೊಂಡಾರ, ಹಂಗಿಲ್ಲ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡರೊಳಗೂ ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಅಂತ ಹೇಳಿದ್ರ ಮಾತ್ರ ಅದಕ್ಕ ರಕ್ಷಣೆ. ಕಚೇರಿ ಕಟ್ಟಡಗೋಳು ಸ್ಮಾರಕದ ಪಟ್ಟಿಗೆ ಬರೋದು ಕಡಿಮಿ, ಅವು ಯಾವ ಇಲಾಖೆ ಆಸ್ತಿನೋ ಆ ಇಲಾಖೆ ಮನಸ್ಸು ಮಾಡಿದಂಗ. ನಿಮ್ಮ ಊರಿನ ಹಳೆ ಕಚೇರಿ ಕೆಡವೋ ಸುದ್ದಿ ಬಂದ್ರ ಮೊದಲ ಕೇಳಬೇಕಾದದ್ದು ಆ ಪಟ್ಟಿಯೊಳಗ ಐತೋ ಇಲ್ಲೋ ಅಂತ. ಇಲ್ಲ ಅಂದ್ರ ಪುರಾತತ್ವ ಇಲಾಖೆಗೆ ಅರ್ಜಿ ಬರೀರಿ, ಜೋಡಿಗೆ ಕಟ್ಟಡದ ಫೋಟೋ, ಅಳತಿ, ತಿಜೋರಿ ಖೋಲಿ ಎಲ್ಲಿ, ಲಾಕಪ್ ಎಲ್ಲಿ, ಹಾಲಿನ ಟ್ರಸ್ ಹೆಂಗೈತಿ ಅನ್ನೋದರ ನಕಾಶೆ ಹಚ್ಚಿ ಕೊಡ್ರಿ.